ಎಂಜಿನ್ ಬದಲಿಸಿದರೆ ಅಪರಾಧ, ಬದಲಿಸದಿದ್ದರೆ ಗುಜರಿ: ಹಳೆ ಕಾರಿನವರಿಗೆ ದಾರಿ ಯಾವುದು?

ಹಳೆ ವಾಹನಗಳ ಮೇಲೆ ಸರ್ಕಾರದ ಕಣ್ಣು ಬಿದ್ದು ಕೆಲವು ವರ್ಷ ಆಯ್ತು. 2022ರ ಏಪ್ರಿಲ್‌ನಲ್ಲಿ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ ಅದು 10,000 ಆಯ್ತು. ಅದೇ ವರ್ಷ ಜುಲೈ 1ರಿಂದ ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಬಂಕಿನಲ್ಲಿ ಇಂಧನವನ್ನೇ ಹಾಕಬಾರದು ಅಂದರು. ಜನ ಸಿಟ್ಟಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಇಷ್ಟೆಲ್ಲ ಚರ್ಚೆಯಲ್ಲಿ ಕೇಳಿಬಂದ ಪ್ರಶ್ನೆ ಒಂದೇ: ಕಾರಿಗೆ ವಯಸ್ಸೆಷ್ಟು?

ಆ ಕಾರಿನ ಬಾನೆಟ್ ಒಳಗೆ ಈಗ ಕೂತಿರುವ ಎಂಜಿನ್ ಯಾವುದು, ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಯಾಕಂದ್ರೆ ಕಾರು ಹಳೆಯದಾದಂತೆ ಮಾಲೀಕ ಎದುರಿಸುವ ದೊಡ್ಡ ತೀರ್ಮಾನ ನವೀಕರಣ ಶುಲ್ಕದ್ದಲ್ಲ, ಎಂಜಿನ್ ಕೈಕೊಟ್ಟ ದಿನದ್ದು.

ಹೆಮ್ಮಾಡಿಯ ಲೆಕ್ಕ

ಕುಂದಾಪುರದಿಂದ ಬೈಂದೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ವಂಡ್ಸೆ–ಕೊಲ್ಲೂರು ಕಡೆಗೆ ತಿರುಗುವ ಜಾಗ ಹೆಮ್ಮಾಡಿ. ಹೊರಗಿನವರಿಗೆ ಸೇವಂತಿಗೆಯ ಊರು. ಹೆದ್ದಾರಿ ಬದಿಯಲ್ಲಿ ಬಸ್ಸಿಗೆ ಕೊರತೆಯಿಲ್ಲ, ಆದರೆ ಒಳಗಿನ ಮನೆಗಳಿಗೆ ರಾತ್ರಿ ಎದೆನೋವು ಬಂದರೆ ಮಣಿಪಾಲ ತಲುಪಿಸುವುದು ಅಂಗಳದಲ್ಲಿ ನಿಂತ ಹಳೆ ಕಾರೇ. ಇಲ್ಲಿ ಹಳೆ ಕಾರು ಅಂದರೆ ಶೋಕಿಯ ವಸ್ತುವಲ್ಲ.

ಈ ಭಾಗದ ನಿವೃತ್ತ ಮಾಸ್ಟ್ರೊಬ್ಬರ 2011ರ ಡೀಸೆಲ್ ಡಿಸೈರ್ ಕಾರಿನ ವಿಷಯವನ್ನೇ ತಗೊಳ್ಳಿ. ಆಯಿಲ್ ಸಂಪ್‌ಗೆ ಕಲ್ಲು ಬಡಿದು, ಆಯಿಲ್ ಪೂರ್ತಿ ಸೋರಿ, ಬೇರಿಂಗ್ ಸುಟ್ಟು ಎಂಜಿನ್ ಜಾಮ್ ಆಯ್ತು. ಎಂಜಿನಿಯರಿಂಗ್ ಓದಿದವನು ಅನ್ನೋ ಕಾರಣಕ್ಕೆ ನನ್ನನ್ನೂ ಗ್ಯಾರೇಜಿಗೆ ಕರೆಸಿಕೊಂಡರು. ಅವರ ಮುಂದೆ ಇದ್ದ ದಾರಿ ಮೂರು. ಹೊಸ ಎಂಜಿನ್ ತರಿಸುವುದು. ಅದರ ಖರ್ಚು ಕಾರಿನ ಈಗಿನ ಬೆಲೆಯ ಹತ್ತಿರ ಹೋಗುತ್ತೆ. ಇದ್ದ ಎಂಜಿನ್ನನ್ನೇ ಬಿಚ್ಚಿ ಕ್ರ್ಯಾಂಕ್, ಪಿಸ್ಟನ್ ಎಲ್ಲ ಸರಿಮಾಡಿಸುವುದು; ಅದೂ ದುಬಾರಿ, ಗ್ಯಾರಂಟಿ ಇಲ್ಲ. ಮೂರನೆಯದು, ಗುಜರಿಯಿಂದ ಓಡುವ ಎಂಜಿನ್ ತಂದು ಕೂರಿಸುವುದು. ಎಲ್ಲಕ್ಕಿಂತ ಅಗ್ಗ ಇದೇ.

"ಕಾರ್ ಅಂದ್ರೆ ಎಂಜಿನ್ ಮಾತ್ರವಾ ಮಾರಾಯಾ? ಬಾಡಿ ಗಟ್ಟಿ ಇತ್ತ್" ಅಂದರು ಮಾಸ್ಟ್ರು. ಮಾತು ಸರಿಯೇ. ಆದರೆ ಮೂರನೇ ದಾರಿ ಹಿಡಿದ ಕೂಡಲೇ ಎರಡು ಬೇರೆ ಬೇರೆ ಸಮಸ್ಯೆ ಎದುರಾಗುತ್ತವೆ. ಒಂದು ತಾಂತ್ರಿಕ, ಇನ್ನೊಂದು ಕಾಗದದ್ದು.

ಒಂದೇ ಎಂಜಿನ್, ಆದರೆ ಒಂದೇ ಅಲ್ಲ

ಈ ಕಾರಿನ ಎಂಜಿನ್ ಫಿಯೆಟ್ ಮೂಲದ 1,248 ಸಿಸಿ ಮಲ್ಟಿಜೆಟ್. ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾ, ಫಿಯೆಟ್ ಪುಂಟೊ, ಲೀನಿಯಾ, ಟಾಟಾ ಇಂಡಿಕಾ ವಿಸ್ತಾ ಎಲ್ಲದರಲ್ಲೂ ಇದ್ದದ್ದು ಇದೇ. ಹಾಗಾಗಿ ಗುಜರಿಯಲ್ಲಿ ಸುಲಭವಾಗಿ ಸಿಗುತ್ತೆ. ಇದನ್ನು ಹಾಕಿದ ಕೊನೆಯ ಹೊಸ ಕಾರುಗಳು ಮಾರಾಟವಾಗಿದ್ದು 2020ರಲ್ಲಿ. ಬಿಎಸ್-6 ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಅಂದರೆ ಇನ್ನು ಮುಂದೆ ಈ ಕಾರುಗಳ ದೊಡ್ಡ ಆಸರೆ ಗುಜರಿಯೇ.

ಆದರೆ ಬ್ಲಾಕ್ ಒಂದೇ ಅಂದಮಾತ್ರಕ್ಕೆ ಎಂಜಿನ್ ಒಂದೇ ಅಲ್ಲ. ಸ್ವಿಫ್ಟ್‌ನದ್ದು 75 ಪಿಎಸ್, ಟರ್ಬೊ ಸಾದಾ. ಎರ್ಟಿಗಾ, ಲೀನಿಯಾದಂಥವುಗಳದ್ದು 90 ಪಿಎಸ್, ಟರ್ಬೊದ ರೆಕ್ಕೆಗಳು ವೇಗಕ್ಕೆ ತಕ್ಕಂತೆ ಹೊರಳುವ ಮಾದರಿ. ಪ್ರತಿ ಇಂಜೆಕ್ಟರ್‌ಗೂ ಅದರದ್ದೇ ಕೋಡ್ ಇರುತ್ತೆ. ಅದನ್ನು ಇಸಿಯು ಅನ್ನೋ ಕಂಪ್ಯೂಟರ್‌ಗೆ ಬರೆಯದಿದ್ದರೆ ಎಂಜಿನ್ ನಡುಗುತ್ತೆ, ಹೊಗೆ ಉಗುಳುತ್ತೆ. ಬೇರೆ ಕಂಪನಿಯ ಕಾರಿನದ್ದಾದರೆ ಮೌಂಟಿಂಗ್, ಸಂಪ್‌ನ ಆಕಾರ, ವೈರಿಂಗ್ ಕನೆಕ್ಟರ್ ಯಾವುದೂ ಕೂರೋದಿಲ್ಲ. ಅಲ್ಲಿ ವೆಲ್ಡಿಂಗ್, ಇಲ್ಲಿ ಕಟಿಂಗ್ ಶುರು. ಗ್ಯಾರೇಜಿನ ಅಣ್ಣ ಇದನ್ನೇ ಚುಟುಕಾಗಿ ಹೇಳಿದರು: "ಹೊಟ್ಟಿ ಒಂದೇ ಮಾರಾಯ್ರೆ, ತಲಿ ಬೇರೆ."

ಹೊಂದದ ಎಂಜಿನ್‌ನ ಅಪಾಯ ಎಂಜಿನ್‌ಗೆ ಮಾತ್ರ ಅಲ್ಲ. ಬ್ರೇಕ್, ಕ್ಲಚ್, ರೇಡಿಯೇಟರ್, ಸಸ್ಪೆನ್ಷನ್ ಎಲ್ಲವನ್ನೂ ಕಂಪನಿ ಒಂದು ತೂಕ, ಒಂದು ಶಕ್ತಿಗೆ ಲೆಕ್ಕ ಹಾಕಿ ಮಾಡಿರುತ್ತೆ. ಸಣ್ಣ ಡ್ರಮ್ ಬ್ರೇಕಿನ ಹಳೆ ಜೀಪಿಗೆ ಎರಡು ಪಟ್ಟು ಶಕ್ತಿಯ ಡೀಸೆಲ್ ಎಂಜಿನ್ ಕೂರಿಸಿ ಕೊಲ್ಲೂರು ಘಾಟಿ ಹತ್ತಿಸಬಹುದು. ಇಳಿಸುವಾಗ ಬೇಕಾಗೋದು ಎಂಜಿನ್ ಅಲ್ಲ, ಬ್ರೇಕ್.

ಇದು ಹೊಸ ಚಾಳಿಯಲ್ಲ

ಎಂಜಿನ್ ಬದಲಿಸಿ ಓಡಿಸುವುದು ನಮ್ಮ ರಸ್ತೆಗಳಿಗೆ ಹಳೆ ಅಭ್ಯಾಸ. ಮದ್ರಾಸಿನ ಸಿಂಪ್ಸನ್ ಕಂಪನಿ 1950ರ ದಶಕದಿಂದ ಪರ್ಕಿನ್ಸ್ ಡೀಸೆಲ್ ಎಂಜಿನ್ ತಯಾರಿಸುತ್ತಿತ್ತು. ಪೆಟ್ರೋಲ್ ಲಾರಿಗಳ ಎಂಜಿನ್ ಇಳಿಸಿ ಅದನ್ನು ಏರಿಸುವುದೇ ಒಂದು ಉದ್ಯಮವಾಗಿತ್ತು. ಆಮೇಲೆ ಅಂಬಾಸಿಡರ್ ಸರದಿ. 1,489 ಸಿಸಿ ಪೆಟ್ರೋಲ್ ಎಂಜಿನ್ ತೆಗೆದು ಟ್ಯಾಕ್ಸಿಯವರು ಡೀಸೆಲ್ ಹಾಕಿಸಿಕೊಂಡರು. 1990ರ ದಶಕದಲ್ಲಿ ಕಂಪನಿಯೇ 1,817 ಸಿಸಿಯ ಇಸುಜು ಪೆಟ್ರೋಲ್ ಎಂಜಿನ್ ಕೊಡಲು ಶುರು ಮಾಡಿದ ಮೇಲೆ, ಹಳೆ ಅಂಬಾಸಿಡರ್‌ಗೆ ಇಸುಜು ಕೂರಿಸುವುದು ಹಲವು ಮೆಕ್ಯಾನಿಕ್‌ಗಳಿಗೆ ಹೆಮ್ಮೆಯ ಕೆಲಸ ಆಯ್ತು.

ಆಗ ಯಾಕೆ ನಡೀತು ಅಂದರೆ, ಎಂಜಿನ್ ಪೂರ್ತಿ ಯಾಂತ್ರಿಕ. ಇಂಧನ, ಗಾಳಿ, ಕಿಡಿ ಇದ್ದರೆ ಓಡುತ್ತಿತ್ತು. ಇಸಿಯು ಇರಲಿಲ್ಲ, ಭಾರತ್ ಸ್ಟೇಜ್ ಇರಲಿಲ್ಲ. ಇವತ್ತು ಕೈಕೆಲಸದ ಜೊತೆ ಲ್ಯಾಪ್‌ಟಾಪ್ ಕೆಲಸವೂ ಬೇಕು. ಅಭ್ಯಾಸ ಹಳೆಯದೇ ಉಳಿದಿದೆ, ಎಂಜಿನ್ ಬದಲಾಗಿದೆ. ಕಾನೂನು ಮಾತ್ರ ಇಬ್ಬರನ್ನೂ ನೋಡುತ್ತಿಲ್ಲ.

ಕಾನೂನು ಏನನ್ನುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ.

ಇದೇ 52ನೇ ಸೆಕ್ಷನ್‌ನಲ್ಲಿ ಒಂದು ರಿಯಾಯಿತಿ ಇದೆ. ಕನಿಷ್ಠ ಹತ್ತು ಸಾರಿಗೆ ವಾಹನ ಇರುವ ಮಾಲೀಕರಿಗೆ, ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹಾಕಿಕೊಳ್ಳಲು ರಾಜ್ಯ ಸರ್ಕಾರ ಅಧಿಕಾರ ಕೊಡಬಹುದು. ಅವರು ಪ್ರತಿ ಸಲ ಆರ್‌ಟಿಒ ಒಪ್ಪಿಗೆಗೆ ಕಾಯಬೇಕಿಲ್ಲ, 14 ದಿನದೊಳಗೆ ತಿಳಿಸಿ ಆರ್‌ಸಿ ತಿದ್ದಿಸಿಕೊಂಡರೆ ಆಯ್ತು. ಅಂದರೆ ಹತ್ತು ಬಸ್ಸಿನ ಧಣಿಗೆ ಎಂಜಿನ್ ಹಾಳಾಗುವುದು ಸಹಜ ಅಂತ ಕಾನೂನಿಗೆ ಗೊತ್ತಿದೆ. ಒಂದೇ ಕಾರಿನ ಮಾಸ್ಟ್ರ ವಿಷಯದಲ್ಲಿ ಗೊತ್ತಿಲ್ಲ.

ಹೊಸ ವಾಹನದವರ ಕಡೆಗೂ ನೋಡಿ. 3.5 ಟನ್‌ಗಿಂತ ಕಡಿಮೆ ತೂಕದ ಬಿಎಸ್-6 ವಾಹನಗಳಲ್ಲಿ ಡೀಸೆಲ್ ಎಂಜಿನ್ ತೆಗೆದು ಸಿಎನ್‌ಜಿ ಅಥವಾ ಎಲ್‌ಪಿಜಿ ಎಂಜಿನ್ ಹಾಕಲು 2022ರ ಆಗಸ್ಟ್‌ನಲ್ಲಿ ಕೇಂದ್ರ ನಿಯಮ ಮಾಡಿತು. ಬ್ಯಾಟರಿ ಕಿಟ್‌ಗೂ ಕಾಯ್ದೆಯಲ್ಲೇ ಅವಕಾಶ ಇದೆ. ಎಂಜಿನ್ ಬದಲಾವಣೆ ತನ್ನಷ್ಟಕ್ಕೇ ಪಾಪ ಅಲ್ಲ ಅನ್ನುವುದನ್ನು ಸರ್ಕಾರವೇ ಒಪ್ಪಿಕೊಂಡಂತಾಯ್ತು.

ಹಾಗಾದರೆ ಒಂದೇ ಕಾರಿನವರು ಆರ್‌ಟಿಒಗೆ ಹೋಗಿ ಅರ್ಜಿ ಕೊಟ್ಟರೆ ಆಗಲ್ವಾ? ಅಧಿಕೃತ ಬಿಲ್ ಇರುವ, ಅದೇ ಮಾದರಿಯ ಎಂಜಿನ್ ಆದರೆ ದಾರಿ ಇದೆ. ಸಿಕ್ಕಿಕೊಳ್ಳುವುದು ಬಿಲ್ ಅನ್ನೋ ಪದದಲ್ಲಿ. ಗುಜರಿ ಎಂಜಿನ್‌ಗೆ ಜಾತಕ ಇರೋದಿಲ್ಲ. ಯಾವ ಕಾರಿನದ್ದು, ಆ ಕಾರು ಅಪಘಾತದಲ್ಲಿ ಹೋಯ್ತಾ, ನೆರೆಯಲ್ಲಿ ಮುಳುಗಿತಾ, ಕದ್ದದ್ದಾ, ಹೇಳುವ ಕಾಗದ ಇಲ್ಲ. ಹಾಗಾಗಿ ಹೆಚ್ಚಿನವರು ಸುಮ್ಮನೆ ಎಂಜಿನ್ ಕೂರಿಸಿ ಓಡಿಸುತ್ತಾರೆ.

ಬಿಸಿ ತಟ್ಟುವುದು ಯಾವಾಗ?

ದಿನನಿತ್ಯ ಯಾರೂ ಬಾನೆಟ್ ಎತ್ತಿ ಎಂಜಿನ್ ನಂಬರ್ ನೋಡೋದಿಲ್ಲ. ನೋಡುವ ಸಂದರ್ಭ ಮೂರು. 15 ವರ್ಷಕ್ಕೆ ನೋಂದಣಿ ನವೀಕರಣದ ಪರಿಶೀಲನೆ ಒಂದು. ಕಾರು ಮಾರುವಾಗ ಎರಡು. ಅಪಘಾತವಾಗಿ ವಿಮಾ ಸರ್ವೇಯರ್ ಬಂದಾಗ ಮೂರು. ಪಾಲಿಸಿಯಲ್ಲಿ ಚಾಸಿಸ್ ನಂಬರ್ ಜೊತೆ ಎಂಜಿನ್ ನಂಬರೂ ಇರುತ್ತೆ. ತಾಳೆಯಾಗದಿದ್ದರೆ ಸ್ವಂತ ಹಾನಿಯ ಕ್ಲೇಮ್‌ಗೆ ತಕರಾರು ಎತ್ತಲು ಕಂಪನಿಗೆ ಅಷ್ಟು ಸಾಕು. ವರ್ಷಾನುಗಟ್ಟಲೆ ಪ್ರೀಮಿಯಂ ಕಟ್ಟಿದವನಿಗೆ ಆಸ್ಪತ್ರೆ ಓಡಾಟದ ನಡುವೆ ಇದು ಗೊತ್ತಾಗುತ್ತೆ. ಆ ಎಂಜಿನ್ ಕಳವು ಮಾಲು ಆಗಿದ್ದರೆ ವಿಮೆಯ ಜೊತೆಗೆ ಪೊಲೀಸ್ ಸ್ಟೇಷನ್ ಕೂಡ.

ಇಲ್ಲಿ ಗಮನಿಸಬೇಕಾದ್ದು: ಎಂಜಿನ್ ಮಾರಿದ ಗುಜರಿಯವನಿಗೆ ಏನೂ ಆಗೋದಿಲ್ಲ, ಅವನು ಬಿಲ್ಲೇ ಕೊಟ್ಟಿಲ್ಲ. ಕೂರಿಸಿದ ಗ್ಯಾರೇಜಿನ ಹೆಸರು ಎಲ್ಲೂ ಇಲ್ಲ. ಪೂರ್ತಿ ಹೊರೆ ಕೊನೆಯಲ್ಲಿ ನಿಂತ, ಎಲ್ಲರಿಗಿಂತ ಕಡಿಮೆ ಗೊತ್ತಿರುವ ಮಾಲೀಕನ ಮೇಲೆ.

ಹಾಗಂತ ಬಿಗಿ ಸಡಿಲಿಸಿದರೆ?

ಬಿಗಿ ಕಾನೂನಿನ ಪರ ಇರುವ ವಾದ ಹಗುರವಾದದ್ದೇನಲ್ಲ. ಉತ್ತರ ಪ್ರದೇಶದ ಮೀರತ್‌ನ ಸೋತಿಗಂಜ್ ಮಾರುಕಟ್ಟೆ ಕದ್ದ ವಾಹನಗಳನ್ನು ಬಿಚ್ಚಿ ಮಾರುವುದಕ್ಕೇ ಹೆಸರಾಗಿತ್ತು; 2021ರ ಡಿಸೆಂಬರ್‌ನಲ್ಲಿ ಪೊಲೀಸರು ಅದನ್ನು ಮುಚ್ಚಿಸಿದರು. ಮಾಲಿನ್ಯದ ವಿಷಯವೂ ಇದೆ. ಬಿಎಸ್-4 ಕಾರಿಗೆ ಬಿಎಸ್-3 ಎಂಜಿನ್ ಹಾಕಿದರೆ ಕಾಗದದಲ್ಲಿ ಒಂದು, ಹೊಗೆಕೊಳವೆಯಲ್ಲಿ ಇನ್ನೊಂದು. ಡೀಸೆಲ್ ಕಾರಿನ ಎಮಿಷನ್ ಟೆಸ್ಟ್ ಹೊಗೆಯ ದಟ್ಟಣೆ ಮಾತ್ರ ಅಳೆಯುತ್ತೆ, ಈ ವ್ಯತ್ಯಾಸ ಅದಕ್ಕೆ ಸಿಗೋದಿಲ್ಲ.

ಆದರೆ ಈ ಎರಡೂ ಕಾರಣ ಕೇಳುತ್ತಿರುವುದು ದಾಖಲೆಯನ್ನು, ನಿಷೇಧವನ್ನಲ್ಲ. ಕಳ್ಳ ಎಂಜಿನ್‌ಗೆ ಗಿರಾಕಿ ಸಿಗುವುದೇ ಒಳ್ಳೆ ಎಂಜಿನ್‌ಗೂ ಕಾಗದ ಇಲ್ಲದಿರುವುದರಿಂದ. ಎರಡೂ ಒಂದೇ ರಾಶಿಯಲ್ಲಿ ಬಿದ್ದಿರುವಾಗ ಪ್ರಾಮಾಣಿಕನಿಗೂ ಆಯ್ಕೆ ಇಲ್ಲ.

ಇರುವುದನ್ನು ಜೋಡಿಸಿದರೆ ಸಾಕು

ಬೇಕಾದ ಮಾಹಿತಿ ಈಗಾಗಲೇ ಮೂರು ಕಡೆ ಇದೆ. ಯಾವ ಎಂಜಿನ್ ನಂಬರ್ ಯಾವ ಕಾರಿನದ್ದು ಅನ್ನೋದು ಸಾರಿಗೆ ಇಲಾಖೆಯ ವಾಹನ್ ದತ್ತಾಂಶದಲ್ಲಿದೆ. ಕಳವಾದ ವಾಹನಗಳ ಪಟ್ಟಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಬಳಿ ಇದೆ. ಯಾವ ವಾಹನ ಅಧಿಕೃತವಾಗಿ ಗುಜರಿಗೆ ಹೋಯ್ತು ಅನ್ನೋದು 2021ರ ನಿಯಮದಡಿ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಗಳು ಕೊಡುವ ಪ್ರಮಾಣಪತ್ರದಲ್ಲಿದೆ. ಗುಜರಿಗೆ ಹೋದ ಕಾರಿನ ಓಡುವ ಎಂಜಿನ್‌ಗೆ ಈ ಮೂರನ್ನೂ ತಾಳೆ ನೋಡಿ ಒಂದು ಚೀಟಿ ಕೊಡಿ. ಅದೇ ಕಂಪನಿ, ಅದೇ ಇಂಧನ, ಅದೇ ಅಥವಾ ಅದಕ್ಕಿಂತ ಹೊಸ ಭಾರತ್ ಸ್ಟೇಜ್ ಎಂಜಿನ್ ಆಗಿದ್ದರೆ ಇನ್‌ಸ್ಪೆಕ್ಟರ್ ನೋಡಿ ಆರ್‌ಸಿಯಲ್ಲಿ ನಂಬರ್ ತಿದ್ದಲಿ. ಶಕ್ತಿ, ಸಿಸಿ ಬೇರೆಯಾದರೆ ಬ್ರೇಕ್ ಸಹಿತ ಪೂರ್ತಿ ತಪಾಸಣೆ ಆಗಲಿ, ಪಾಸಾಗದಿದ್ದರೆ ಬೇಡ ಅನ್ನಲಿ. ಕೂರಿಸಿದ ಗ್ಯಾರೇಜ್ ಸಹಿ ಹಾಕಲಿ.

ಇದು ಕನಸಿನ ಮಾತಲ್ಲ. ಬ್ರಿಟನ್‌ನಲ್ಲಿ ಎಂಜಿನ್ ಬದಲಿಸಿದವರು ಖರೀದಿ ರಸೀದಿ ಅಥವಾ ವಿಮೆಗಾಗಿ ಮಾಡಿಸಿದ ತಪಾಸಣಾ ವರದಿ ಕೊಟ್ಟರೆ ದಾಖಲೆಯಲ್ಲಿ ಎಂಜಿನ್ ನಂಬರ್, ಸಿಸಿ ಎರಡನ್ನೂ ತಿದ್ದಿಕೊಡುತ್ತಾರೆ.

ನಮ್ಮಲ್ಲಿ ನೀತಿಯ ದಿಕ್ಕು ಬೇರೆ ಇದೆ. 2025ರ ಏಪ್ರಿಲ್ 1ರಿಂದ ಜಾರಿಯಾದ ಜೀವಿತಾವಧಿ ಮುಗಿದ ವಾಹನಗಳ ನಿಯಮ ತಯಾರಕರಿಗೆ ಮರುಬಳಕೆಯ ಗುರಿ ಕೊಟ್ಟಿದೆ, ಆದರೆ ಗುರಿಯ ಅಳತೆಗೋಲು ಉಕ್ಕು. ಎಷ್ಟು ಉಕ್ಕು ಮರಳಿ ಸಿಕ್ಕಿತು ಅನ್ನೋದು ಲೆಕ್ಕ. ಇನ್ನೂ ಒಂದು ಲಕ್ಷ ಕಿಲೋಮೀಟರ್ ಓಡಬಲ್ಲ ಎಂಜಿನ್ ಈ ಲೆಕ್ಕದಲ್ಲಿ ಬರೀ ಲೋಹ. ಅತ್ತ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಅಂತ ಸಮಿತಿ ಮಾಡಿ, ಪೋರ್ಟಲ್ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಒಂದು ಇಲಾಖೆ ರಿಪೇರಿ ಮಾಡಿಸಿ ಅನ್ನುತ್ತೆ, ಇನ್ನೊಂದು ಕರಗಿಸಿ ಅನ್ನುತ್ತೆ.

ಹೊಸ ಕಾರು ಕೊಳ್ಳುವ ಶಕ್ತಿ ಇದ್ದವರಿಗೆ ಈ ಗೊಂದಲ ತಟ್ಟೋದಿಲ್ಲ. ತಟ್ಟುವುದು ಪಿಂಚಣಿಯವರಿಗೆ, ಬಾಡಿಗೆ ಓಡಿಸುವವರಿಗೆ, ಬಸ್ಸಿಲ್ಲದ ಒಳಊರಿನವರಿಗೆ. ಅವರು ಕೇಳುತ್ತಿರುವುದು ವಿನಾಯಿತಿಯನ್ನಲ್ಲ. ಬದಲಿಸಿದ ಎಂಜಿನ್ ನಂಬರನ್ನು ಧೈರ್ಯವಾಗಿ ಬರೆಸಲು ಒಂದು ಕೌಂಟರ್. ಅದನ್ನು ತೆರೆಯುವವರೆಗೆ ನವೀಕರಣ ಶುಲ್ಕ ಎಷ್ಟೇ ಏರಿಸಿದರೂ, ರಸ್ತೆ ಮೇಲೆ ಯಾವ ಎಂಜಿನ್ ಓಡುತ್ತಿದೆ ಅನ್ನೋದು ಸರ್ಕಾರಕ್ಕೆ ಗೊತ್ತಾಗೋದಿಲ್ಲ.