ಹಂಡೆ ಒಲೆಗೆ ಸೌದೆ ಒಡೆದವರು ಯಾರು ಸ್ವಾಮಿ?

ಮಳೆ ಹಿಡಿದರೆ ಸಾಕು, ಮಲೆನಾಡಿನ ಹಂಡೆ ಒಲೆ ಫೋಟೋ ಹಾಕಿ 'ಆ ಕಾಲವೇ ಚೆಂದ' ಅಂತೀರಿ. ಆ ಸೌದೆ ಒಡೆದು ಕೊಟ್ಟಿಗೆಯಲ್ಲಿ ಒಟ್ಟಿದ್ದು ನಮ್ಮಪ್ಪ. ಒಣಗಿದ್ದು ನಿಮ್ಮ ಬಚ್ಚಲಿಗೆ. ನಮ್ಮ ಗುಡಿಸಲಿಗೆ ಹಸಿ ಪುಳ್ಳೆ, ಹೊಗೆ, ರಾತ್ರಿಯೆಲ್ಲ ಅವ್ವನ ಕೆಮ್ಮು. ಅವಳೇ ಕಾಡಿಂದ ಹೊರೆ ತಂದರೆ ಗಾರ್ಡು ಕತ್ತಿ ಕಿತ್ಕೋತಿದ್ದ.

2006ರ ಅರಣ್ಯ ಹಕ್ಕು ಕಾಯ್ದೆಯ ಕಿರು ಅರಣ್ಯ ಉತ್ಪನ್ನದಲ್ಲಿ ಪುಳ್ಳೆ, ಬೊಡ್ಡೆ ಎರಡೂ ಇವೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ನಾವು ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸ್ಬೇಕು. ಜೀತಕ್ಕಿದ್ದವರಿಗೆ ಯಾವ ಸಾಹುಕಾರ ರಸೀದಿ ಬರೆದುಕೊಟ್ಟಿದ್ದ?

2016ರಲ್ಲಿ ಉಜ್ವಲ ಬಂತಲ್ಲ ಅಂತೀರಾ? ಬಂತು. ಗ್ಯಾಸಲ್ಲಿ ಅನ್ನ ಬೇಯುತ್ತೆ, ಆಷಾಢದಲ್ಲಿ ನೆಂದ ಗೋಡೆ ಒಣಗಲ್ಲ. ಹಕ್ಕುಪತ್ರ ಕೊಡಿ.

ಜೈ ಭೀಮ್.