ಚಾರ್ಟ್‌ನಲ್ಲಿ ಕನ್ನಡ ಒಡೆದು ಕಾಣುವುದೇಕೆ?

ಫಾರ್ವರ್ಡ್ ಆಗಿ ಬಂದ ಚಾರ್ಟ್‌ನಲ್ಲಿ ‘ಅಕ್ಕಿ’ ಎಂಬುದು ‘ಅಕ್‌ಕಿ’ ಎಂದು ಕಂಡರೆ ನಿಮ್ಮ ಫೋನಿಗೆ ವೈರಸ್ ಬಂದಿದೆ ಎಂದಲ್ಲ. ಯೂನಿಕೋಡ್‌ನಲ್ಲಿ ‘ಕ್ಕಿ’ ಎಂದರೆ ಕ, ವಿರಾಮ ಚಿಹ್ನೆ, ಮತ್ತೆ ಕ, ಗುಡಿಸು ಹೀಗೆ 4 ಸಂಕೇತಗಳು. ಅವನ್ನು ಒತ್ತಕ್ಷರವಾಗಿ ಕೂಡಿಸುವುದು ಫಾಂಟ್ ಮತ್ತು ತಂತ್ರಾಂಶದ ಕೆಲಸ. ಚಾರ್ಟ್ ಬಿಡಿಸುವ ಕೆಲವು ತಂತ್ರಾಂಶಗಳು ಆ ಗೋಜಿಗೇ ಹೋಗದೆ ಒಂದೊಂದಾಗಿ ಸಾಲಿಗಿಡುತ್ತವೆ. ಬರೀ ಚೌಕ ಕಂಡರೆ ಆ ಫಾಂಟ್‌ನಲ್ಲಿ ಕನ್ನಡವೇ ಇಲ್ಲ.

ಪಠ್ಯದ ಭಾಷೆ ಯಾವುದೆಂದು ತಿಳಿಸಿದರೆ ಸರಿಯಾದ ರೂಪ ಆರಿಸಲು ನೆರವು: ದೇವನಾಗರಿಯ ‘ಲ’ ಹಿಂದಿಗೊಂದು ರೂಪ, ಮರಾಠಿಗೊಂದು, ಸಂಕೇತ ಮಾತ್ರ ಒಂದೇ. ಆದರೆ ಇದೆಲ್ಲ ಚಾರ್ಟ್ ಮಾಡುವವರ ಕೈಯಲ್ಲಿದೆ. ಚಿತ್ರವಾಗಿ ಬಂದ ಮೇಲೆ ನಾವು ಫೋನಿನಲ್ಲಿ ಸರಿಪಡಿಸಲಾರೆವು. ಔಷಧದ ಪ್ರಮಾಣದ ಚಾರ್ಟ್ ಹೀಗಿದ್ದರೆ ಊಹಿಸಿ ಓದಬೇಡಿ, ವೈದ್ಯರನ್ನು ಕೇಳಿ.