ಬಾಗಿಲು ಬಡಿದವರ ಲೆಕ್ಕ

ಜಮಾಖರ್ಚಿನ ಪುಸ್ತಕದಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಸಹಿಸದ ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ಕಳೆದ ವಾರ ಬೆಳಗ್ಗೆಯೇ ಹನ್ನೆರಡು ಹಾಳೆಗಳ ಕಟ್ಟೊಂದನ್ನು ಹಿಡಿದು ನಮ್ಮ ಮನೆಗೆ ದಯಮಾಡಿಸಿದರು. “ನೋಡಿ ಸ್ವಾಮಿ, ರಾತ್ರಿಯೆಲ್ಲ ನಮ್ಮ ಮನೆಯ ಮೇಲೆ ದಾಳಿ ನಡೆದಿದೆ; ಒಬ್ಬರಲ್ಲ ಇಬ್ಬರಲ್ಲ, ಮುನ್ನೂರು ಮಂದಿ!” ಎಂದವರ ಮುಖದಲ್ಲಿ ನಿದ್ದೆಗೆಟ್ಟ ಕಳೆ ಸ್ಪಷ್ಟವಾಗಿತ್ತು. ಆ ಹಾಳೆಗಳು ಅವರ ಮನೆಯ ರೌಟರಿನೊಳಗಿನ ಫೈರ್‌ವಾಲ್ ಬರೆದಿಟ್ಟ ದಿನಚರಿ. ‘ಪೋರ್ಟ್ ಸ್ಕ್ಯಾನ್’, ‘ಡಾಸ್ ಅಟ್ಯಾಕ್’ ಎಂಬ ರಣಘೋಷಗಳು ಸಾಲುಸಾಲಾಗಿ ಅದರಲ್ಲಿದ್ದುವು.

ಈ ದಿನಚರಿಯನ್ನು ಓದುವುದಕ್ಕೆ ಮೊದಲು ಅದನ್ನು ಬರೆಯುವ ಕಾವಲುಗಾರನ ಸ್ವಭಾವವನ್ನು ಅರಿಯತಕ್ಕದ್ದು. ಒಳಗಿನವರು ಕರೆಯದೆ ಹೊರಗಿನಿಂದ ತಾನಾಗಿ ಬಂದ ಯಾವ ಸಂದೇಶವನ್ನೂ ಒಳಗೆ ಬಿಡದಿರುವುದು ಅವನ ವೃತ್ತಿಧರ್ಮ. ಬಿಡದೆ ಹಿಂದಟ್ಟಿದ್ದನ್ನು ಬರೆದಿಡುವುದು ಅವನ ಅಭ್ಯಾಸ. ಆದುದರಿಂದ ಮೇಷ್ಟ್ರು ಎಣಿಸಿದ ಮುನ್ನೂರು ಸಾಲುಗಳು ಮನೆ ಹೊಕ್ಕವರ ಲೆಕ್ಕವಲ್ಲ, ಹೊಗಲಾರದೆ ಹೋದವರ ಲೆಕ್ಕ. ಅವರಲ್ಲಿಯೂ ಎಲ್ಲರೂ ದುರುಳರಲ್ಲ: ನಾವೇ ತೆರೆದು ನೋಡಿ ಮುಚ್ಚಿದ ತಾಣವೊಂದರ ಉತ್ತರ ಕೊಂಚ ತಡವಾಗಿ ಬಂದರೂ ಅದನ್ನು ದಾಳಿಯೆಂದು ಬರೆದುಕೊಳ್ಳುವಷ್ಟು ಸಂಶಯಪ್ರಕೃತಿಯ ರೌಟರುಗಳು ಪೇಟೆಯಲ್ಲಿ ಧಾರಾಳವಾಗಿವೆ.

ಉಳಿದವರಾದರೂ ಮೇಷ್ಟ್ರನ್ನೇ ಹುಡುಕಿಕೊಂಡು ಬಂದವರೇನು? ಅಂತರ್ಜಾಲದ ಹಳೆಯ ಮಾದರಿಯ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 429 ಕೋಟಿ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಜೀಮ್ಯಾಪ್ ಎಂಬ ತಂತ್ರಾಂಶವನ್ನು ರಚಿಸಿ, ಸಂಪರ್ಕ ವೇಗವಾಗಿದ್ದರೆ ಒಂದೇ ಗಣಕಯಂತ್ರದಿಂದ ಆ ವಿಳಾಸಗಳನ್ನೆಲ್ಲ ಮುಕ್ಕಾಲು ಗಂಟೆಯೊಳಗೆ ಒಮ್ಮೆ ತಟ್ಟಿ ಬರಬಹುದೆಂದು ತೋರಿಸಿಕೊಟ್ಟರು. ಅಂದಮೇಲೆ ಊರೂರು ಸುತ್ತುವ ಹಳೆ ಪೇಪರಿನವನು ನಮ್ಮ ಬೀದಿಗೂ ಬಂದು ಕೂಗುವಂತೆ, ಈ ತಟ್ಟುವಿಕೆಯೂ ಎಲ್ಲರ ಬಾಗಿಲಿಗೂ ಹಗಲಿರುಳೆನ್ನದೆ ಬರತಕ್ಕದ್ದೇ. ಸಾಲಿನಲ್ಲಿ ಕಾಣುವ ವಿಳಾಸವನ್ನು ಹಿಡಿದು ಅಪರಾಧಿಯನ್ನು ಗೊತ್ತುಮಾಡಿದೆವೆಂದು ಭಾವಿಸುವುದೂ ಸಲ್ಲದು. ಅಲ್ಲಿರುವುದು ಅನೇಕ ವೇಳೆ, ತನ್ನ ಅರಿವಿಲ್ಲದೆಯೇ ಪರರ ವಶವಾದ ಇನ್ನಾವುದೋ ಬಡಪಾಯಿ ಮನೆಯ ಕ್ಯಾಮೆರಾ.

ಇದು ಕಲ್ಪನೆಯಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕ್ಯಾಮೆರಾಗಳನ್ನೂ ರೌಟರುಗಳನ್ನೂ ಲಕ್ಷಗಟ್ಟಲೆ ಸೆರೆಹಿಡಿದದ್ದು ಯಾವ ಅಸಾಧಾರಣ ವಿದ್ಯೆಯಿಂದಲೂ ಅಲ್ಲ. ಕಾರ್ಖಾನೆಯವರು ಕೊಟ್ಟು ಕಳುಹಿಸಿದ ಅರುವತ್ತರಷ್ಟು ಹೆಸರು-ಪಾಸ್‌ವರ್ಡುಗಳ ಪಟ್ಟಿಯೊಂದನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿ ನೋಡಿದ್ದರಿಂದ. ಆ ಸೈನ್ಯದ ಭಾರಕ್ಕೆ ಅದೇ ವರ್ಷದ ಅಕ್ಟೋಬರ್ 21ರಂದು, ತಾಣಗಳ ಹೆಸರನ್ನು ಅವುಗಳ ವಿಳಾಸಕ್ಕೆ ಹೊಂದಿಸಿಕೊಡುವ ಡೈನ್ ಎಂಬ ಸಂಸ್ಥೆ ಕುಸಿದು, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ದೊರೆಯದಾದುವು. ಮರುವರ್ಷದ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲಿಯೇ, ಇಂಥದೇ ಪಾಸ್‌ವರ್ಡನ್ನು ಬದಲಿಸದೆ ಉಳಿಸಿಕೊಂಡಿದ್ದ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮುಗಳು ಸ್ತಬ್ಧವಾಗಿ, ಪಾಸ್‌ವರ್ಡನ್ನು ಬದಲಿಸಿಕೊಳ್ಳಿರೆಂದು ಸಂಸ್ಥೆಯು ಗ್ರಾಹಕರಿಗೆ ಸೂಚನೆ ಕೊಡಬೇಕಾಗಿ ಬಂದಿತು.

ಆದಕಾರಣ ನಾನು ಹಾಳೆಗಳನ್ನು ಮಡಿಸಿಟ್ಟು, “ಮೇಷ್ಟ್ರೇ, ರೌಟರಿನ ಪಾಸ್‌ವರ್ಡು ಏನಿಟ್ಟಿದ್ದೀರಿ?” ಎಂದು ಕೇಳಿದೆ. ಅವರು ಹೆಮ್ಮೆಯಿಂದ ವೈಫೈ ಪಾಸ್‌ವರ್ಡನ್ನು ಹೇಳಿದರು. ಮೊಮ್ಮಗಳ ಹೆಸರಿನೊಡನೆ ನಕ್ಷತ್ರವನ್ನೂ ಕೂಡಿಸಿದ ಸೊಗಸಾದ ರಚನೆ! ಆದರೆ ಆ ಪೆಟ್ಟಿಗೆಯ ಆಡಳಿತಕ್ಕೆಂದೇ ಬೇರೊಂದು ಪಾಸ್‌ವರ್ಡು ಉಂಟೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಮೂರು ವರ್ಷಗಳಿಂದಲೂ ‘ಅಡ್ಮಿನ್’ ಎಂದೇ ಇದ್ದಿತು. ಹೊರಗಿನಿಂದಲೇ ರೌಟರನ್ನು ನಡೆಸಲು ಆಸ್ಪದ ಕೊಡುವ ರಿಮೋಟ್ ಮ್ಯಾನೇಜ್‌ಮೆಂಟ್ ಸೌಕರ್ಯವೂ ತೆರೆದೇ ಇದ್ದಿತು. ಮುನ್ನೂರು ಸಾಲುಗಳಲ್ಲಿ ಒಂದೂ ಇದನ್ನು ಹೇಳಿರಲಿಲ್ಲ, ಹೇಳುವುದೂ ಇಲ್ಲ. ನಿಜವಾದ ಕೀಲಿಯನ್ನು ಹಿಡಿದು ಬಂದವನನ್ನು ಯಾವ ಕಾವಲುಗಾರನು ತಾನೆ ಕಳ್ಳನೆಂದು ಬರೆದುಕೊಂಡಾನು?

ದಿನಚರಿ ನಿರರ್ಥಕವೆಂದು ನನ್ನ ವಾದವಲ್ಲ. ಒಳಬರಲು ಹೆಣಗಿದವರ ಸಾಲುಗಳಿಗಿಂತ, ಒಳಗಿನಿಂದ ಹೊರಟವುಗಳ ಸಾಲು ಅದರಲ್ಲಿ ದೊರೆತರೆ ಅದನ್ನು ಆಸ್ಥೆಯಿಂದ ಓದಬೇಕು. ನಡುರಾತ್ರಿ ಗುರುತಿಲ್ಲದ ವಿಳಾಸದೊಡನೆ ಪದೇಪದೇ ಸಂಭಾಷಿಸುವ ಕ್ಯಾಮೆರಾ, ನಾವು ಮಾಡದ ಲಾಗಿನ್, ಮನೆಯವರಾರೂ ತಮ್ಮದೆನ್ನದ ಉಪಕರಣ: ಇವು ನಿದ್ದೆಗೆಡಲು ತಕ್ಕ ಕಾರಣಗಳು. ಸೋಂಕು ತಗುಲಿದೆಯೆಂದು ಸಂಶಯ ಬಂದವರಿಗೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು 2017ರಿಂದ ಶುದ್ಧೀಕರಣದ ತಂತ್ರಾಂಶಗಳನ್ನು ಉಚಿತವಾಗಿ ಒದಗಿಸುತ್ತಿದೆ.

ಆದರೆ ಎಪ್ಪತ್ತು ದಾಟಿದ ಮೇಷ್ಟ್ರು ಇದನ್ನೆಲ್ಲ ಸ್ವಂತ ಅಧ್ಯಯನದಿಂದ ತಿಳಿದುಕೊಳ್ಳಬೇಕಿತ್ತೆಂಬ ಮಾತನ್ನು ನಾನು ಒಪ್ಪಲಾರೆ. ಬ್ರಿಟನ್ ದೇಶವು ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸುಲಭ ಪಾಸ್‌ವರ್ಡು ಕೊಟ್ಟು ಮಾರುವುದನ್ನು 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕವೇ ನಿಷೇಧಿಸಿತು. ಹೊರೆ ಮಾರುವವನ ಹೆಗಲಿಗೆ ಬಿದ್ದುದು ನ್ಯಾಯವೇ ಆಯಿತು. ನಮ್ಮ ಮನೆಗಳಲ್ಲಿ ಈಗಾಗಲೇ ಕುಳಿತಿರುವ ಹಳೆಯ ಪೆಟ್ಟಿಗೆಗಳಾದರೋ ಯಾವ ಹೊಸ ಕಾನೂನಿಗೂ ಕಾಯುವಂತಿಲ್ಲ. ಫೈಬರ್ ಎಳೆಯಲು ಏಣಿ ಹೊತ್ತು ಬರುವ ಹುಡುಗನಿಗೆ ಸಂಪರ್ಕ ಕಂಪನಿಗಳು ಇಷ್ಟನ್ನು ಕಲಿಸಿ ಕಳುಹಿಸಲಿ: ಏಣಿ ಇಳಿದ ಮೇಲೆ, ಸಹಿ ಹಾಕಿಸಿಕೊಳ್ಳುವ ಮುನ್ನ, ಮನೆಯವರ ಕೈಯಿಂದಲೇ ಆಡಳಿತದ ಪಾಸ್‌ವರ್ಡನ್ನು ಬದಲಾಯಿಸಿ, ಹೊರಗಿನ ನಿಯಂತ್ರಣವನ್ನು ಮುಚ್ಚಿ, ಪೆಟ್ಟಿಗೆಯ ಒಳತಂತ್ರಾಂಶವಾದ ಫರ್ಮ್‌ವೇರ್ ತಾನಾಗಿ ನವೀಕರಣಗೊಳ್ಳುವ ಅನುಕೂಲವಿದ್ದರೆ ಅದನ್ನು ಚಾಲೂ ಮಾಡಿ ಹೊರಡಲಿ. ಮೇಷ್ಟ್ರ ಮನೆಯಲ್ಲಿ ಇದಕ್ಕೆ ನಮಗೆ ಹಿಡಿದದ್ದು ಹತ್ತು ನಿಮಿಷ.